ಖಾಕಿಯ ಭಯವೇ ಕಳ್ಳನ ಬಂಡವಾಳ

2025ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಬೆಂಗಳೂರು ನಗರದಲ್ಲಿ ಬೆಳಕಿಗೆ ಬಂದ ಎರಡು ಮೊಕದ್ದಮೆಗಳನ್ನು ನಮ್ಮ ವಾಚಕರು ಮರೆತಿರಲಾರರು. ಮೊದಲನೆಯದರಲ್ಲಿ, ಬ್ಯಾಂಕುಗಳ ಹಣವನ್ನು ಸಾಗಿಸುತ್ತಿದ್ದ ಗಾಡಿಯೊಂದನ್ನು ಹಾಡುಹಗಲಿನಲ್ಲಿ ಕೆಲವರು ತಡೆದು, ತಾವು ರಿಜರ್ವ್ ಬ್ಯಾಂಕಿನ ಅಧಿಕಾರಿಗಳೆಂದು ಹೇಳಿಕೊಂಡು, 7 ಕೋಟಿ 11 ಲಕ್ಷ ರೂಪಾಯಿಗಳನ್ನು ಅಪಹರಿಸಿದರು. ನಗರದ ಪೋಲೀಸಿನವರು ಹಗಲಿರುಳು ಬೆನ್ನಟ್ಟಿ ಕೆಲವೇ ದಿನಗಳಲ್ಲಿ ಆಪಾದಿತರನ್ನು ಹಿಡಿದರು. ಹಣದ ಬಹುಭಾಗವೂ ದೊರೆಯಿತು. ಬಂಧಿತರಾದವರಲ್ಲಿ ಇದೇ ನಗರದ ಪೋಲೀಸು ಕಾನ್‌ಸ್ಟೇಬಲ್ಲನೊಬ್ಬನೂ ಇದ್ದನೆಂಬುದನ್ನು ಕೇಳಿ ಜನರು ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಯನ್ನು ನೆನೆದರಾದರೂ, ತಮ್ಮವನೆಂದು ಅವನನ್ನು ಮರೆಮಾಚದೆ ಹಿಡಿದುದಕ್ಕಾಗಿ ಇಲಾಖೆಯವರನ್ನು ನಾವು ಮೆಚ್ಚಬೇಕಾದುದೇ ನ್ಯಾಯ.

ಎರಡನೆಯ ಮೊಕದ್ದಮೆಯಲ್ಲಿ ಗಾಡಿಯಿಲ್ಲ, ಬೀದಿಯಿಲ್ಲ, ಬೆನ್ನಟ್ಟುವುದಕ್ಕೆ ಕಾಲ ಹೆಜ್ಜೆಗಳೂ ಇಲ್ಲ. ನಗರದ ವಿದ್ಯಾವಂತ ಮಹಿಳೆಯೊಬ್ಬರಿಗೆ ಟೆಲಿಫೋನಿನಲ್ಲಿ ಮಾತನಾಡಿದವರು, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ನಿಷಿದ್ಧ ವಸ್ತುಗಳಿವೆಯೆಂದು ಮೊದಲು ಬೆದರಿಸಿ, ಅನಂತರ ತಾವು ಕೇಂದ್ರ ತನಿಖಾ ದಳದವರೆಂದು ನಂಬಿಸಿ, ತಿಂಗಳುಗಟ್ಟಲೆ ಅವರನ್ನು ಮನೆಯಲ್ಲಿಯೇ ಸೆರೆಯಾಳಿನಂತೆ ಇರಿಸಿ, 187 ಕಂತುಗಳಲ್ಲಿ ಸುಮಾರು 32 ಕೋಟಿ ರೂಪಾಯಿಗಳನ್ನು ಕಳುಹಿಸಿಕೊಂಡರೆಂದು ಫಿರ್ಯಾದು. ಗಾಡಿಯಿಂದ ಹೋದ ಹಣದ ನಾಲ್ಕು ಪಾಲಿಗಿಂತಲೂ ಹೆಚ್ಚು ಹಣವು, ಒಂದು ನಾಯಿಯೂ ಬೊಗಳದಂತೆ, ಒಂದು ಮನೆಯೊಳಗಿನಿಂದ ಹರಿದುಹೋಯಿತು.

ಈ ಎರಡು ಕೃತ್ಯಗಳಿಗೂ ಒಂದು ಸಾಮ್ಯವಿರುವುದನ್ನು ಗಮನಿಸಬೇಕು. ಎರಡರಲ್ಲಿಯೂ ಕಳ್ಳನ ಮೊದಲ ಆಯುಧವು ಅಧಿಕಾರಿಯ ಹೆಸರು. ಸರ್ಕಾರದ ಮುದ್ರೆಯನ್ನು ಕಂಡೊಡನೆ ಕೈಕಟ್ಟಿ ನಿಲ್ಲುವ ನಮ್ಮ ಜನರ ಅಭ್ಯಾಸವೇ ಅವನ ಬಂಡವಾಳ. ನಗರದ ಪೋಲೀಸು ಇಲಾಖೆಯು ಈ ಹೊಸ ಪಿಡುಗನ್ನು ಎದುರಿಸಲು ಮಾಡಿರುವ ಏರ್ಪಾಡುಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕೆಂಬುದು ನಮ್ಮ ಉದ್ದೇಶ.

ಇಲಾಖೆಯವರು ನಿದ್ರಿಸುತ್ತಿದ್ದರೆಂದು ಹೇಳುವುದು ಅನ್ಯಾಯವಾದೀತು. ಭಾರತದಲ್ಲಿಯೇ ಮೊಟ್ಟಮೊದಲನೆಯ ಸೈಬರ್ ಅಪರಾಧ ಪೋಲೀಸು ಠಾಣೆಯು 2001ರಲ್ಲಿ ಸ್ಥಾಪಿತವಾದದ್ದು ಬೆಂಗಳೂರಿನಲ್ಲಿ. ಆಗ ಗಣಕಯಂತ್ರವೆಂಬುದು ದೊಡ್ಡ ಕಛೇರಿಗಳ ಸೊತ್ತಾಗಿತ್ತು. ಆ ಠಾಣೆಗೆ ಸಾಮಾನ್ಯ ಗೃಹಸ್ಥನು ಹೋಗಬೇಕಾಗಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಗಣಕದಲ್ಲಿದ್ದ ಹಣವು ಕೈಯೊಳಗಿನ ಟೆಲಿಫೋನಿಗೆ ಇಳಿದ ಮೇಲೆ ಕಾಲವು ಬದಲಾಯಿತು. 2020ರಲ್ಲಿ ನಗರದ ಒಂದೊಂದು ಪೋಲೀಸು ವಿಭಾಗಕ್ಕೂ ಒಂದೊಂದರಂತೆ, ಸೈಬರ್, ಆರ್ಥಿಕ ಮತ್ತು ಮಾದಕ ವಸ್ತುಗಳ ಅಪರಾಧಗಳಿಗಾಗಿ ಪ್ರತ್ಯೇಕ ಠಾಣೆಗಳು ಏರ್ಪಟ್ಟವು. ಅದೇ ವರ್ಷದ ಕೊನೆಯಲ್ಲಿ, ಮೋಸಹೋದವನು 112ಕ್ಕೆ ಒಡನೆಯೇ ತಿಳಿಸಿದರೆ ಹಣ ಸೇರಿದ ಖಾತೆಯನ್ನು ಬ್ಯಾಂಕಿನವರ ಮೂಲಕ ತಡೆಹಿಡಿಸುವ ವ್ಯವಸ್ಥೆಯನ್ನು ನಗರದ ಪೋಲೀಸಿನವರು ಆರಂಭಿಸಿದರು. 2021ರಲ್ಲಿ ಕೇಂದ್ರ ಸರ್ಕಾರವು ಇಂತಹದೇ ಸಹಾಯವಾಣಿಯನ್ನು ಇಡೀ ದೇಶಕ್ಕೆ ಏರ್ಪಡಿಸಿತು. ಮೊದಲು 155260 ಎಂದಿದ್ದ ಅದರ ಸಂಖ್ಯೆಯು, ಯಾರಿಗೂ ನೆನಪಿನಲ್ಲಿ ನಿಲ್ಲದೆ ಇದ್ದುದರಿಂದಲೋ ಏನೋ, ಮರು ವರ್ಷ 1930 ಎಂದಾಯಿತು. 2025ರಲ್ಲಿ ರಾಜ್ಯ ಸರ್ಕಾರದವರು ಈ ಎಲ್ಲ ಕಾರ್ಯಗಳನ್ನೂ ಒಂದೇ ಆಡಳಿತಕ್ಕೆ ಒಳಪಡಿಸಲು ಸೈಬರ್ ಕಮಾಂಡ್ ಎಂಬ ಹೊಸ ಘಟಕವನ್ನು ರಚಿಸಿದರು.

ಇಷ್ಟಾದರೂ ಪ್ರವಾಹವು ಒಡ್ಡನ್ನು ಮೀರಿ ಹರಿಯುತ್ತಿರುವುದು ಅಂಕಿಗಳಿಂದ ಗೊತ್ತಾಗುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಕಛೇರಿಯವರು ಪ್ರಕಟಿಸಿರುವಂತೆ, 2023ರಲ್ಲಿ ಇಡೀ ದೇಶದಲ್ಲಿ ದಾಖಲಾದ ಸೈಬರ್ ಅಪರಾಧಗಳು 86 ಸಾವಿರಕ್ಕೆ ಮೇಲ್ಪಟ್ಟವು. ಅವುಗಳಲ್ಲಿ 17 ಸಾವಿರಕ್ಕೂ ಹೆಚ್ಚು ಬೆಂಗಳೂರು ಒಂದೇ ನಗರದವು. ಹಿಂದಿನ ವರ್ಷದಲ್ಲಿ ಇದೇ ನಗರದ ಸಂಖ್ಯೆಯು 10 ಸಾವಿರವನ್ನು ಮುಟ್ಟಿರಲಿಲ್ಲ. ದೇಶದ ಕಳವಿನಲ್ಲಿ ಐದನೆಯ ಒಂದು ಭಾಗವು ನಮ್ಮ ನಗರದ ಪಾಲಿಗೆ ಬಂದಿತೆಂದು ಕೆಲವರು ನಾಚಿಕೆಪಡುತ್ತಾರೆ. ನಾವು ಹಾಗೆ ಎಣಿಸುವುದಿಲ್ಲ. ಫಿರ್ಯಾದನ್ನು ಬರೆದುಕೊಳ್ಳುವ ಊರಿನಲ್ಲಿ ಅಂಕಿಯು ಏರುವುದು. ಬಂದವನನ್ನು ಬಾಗಿಲಿನಿಂದಲೇ ಹಿಂದಿರುಗಿಸುವ ಊರು ಕಾಗದದ ಮೇಲೆ ರಾಮರಾಜ್ಯವಾಗಿಯೇ ಇರುವುದು. ಆದುದರಿಂದ ಈ ಅಂಕಿಗೆ ಹೆದರಿ ಯಾವ ಅಧಿಕಾರಿಯೂ ದಾಖಲೆಯನ್ನು ಕಡಿಮೆಮಾಡುವ ಉಪಾಯಕ್ಕೆ ಕೈಹಾಕಬಾರದು. ನಾಚಬೇಕಾದುದು ಬೇರೆ ಇದೆ: ದಾಖಲಾದುದರಲ್ಲಿ ಪತ್ತೆಯಾದದ್ದು ಅಲ್ಪ, ಹಣ ಹಿಂದಕ್ಕೆ ಬಂದುದು ಅದಕ್ಕಿಂತಲೂ ಅಲ್ಪ.

ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಕಳ್ಳನ ಕೈಚಳಕವನ್ನು ಸ್ವಲ್ಪ ನೋಡಬೇಕು. ವಂಚಿತನು ಕಳುಹಿಸಿದ ಹಣವು ಮೊದಲು ಯಾರೋ ಒಬ್ಬ ಬಡವನ ಅಥವಾ ವಿದ್ಯಾರ್ಥಿಯ ಹೆಸರಿನ ಖಾತೆಗೆ ಹೋಗುವುದು. ಕೆಲವು ಸಾವಿರ ರೂಪಾಯಿಗಳ ಆಸೆಗೆ ಅವನು ತನ್ನ ಖಾತೆಯನ್ನು ಬಾಡಿಗೆಗೆ ಕೊಟ್ಟಿರುವನು. ಅಲ್ಲಿಂದ ನಿಮಿಷಗಳೊಳಗೆ ಅದು ಹತ್ತಾರು ಖಾತೆಗಳಿಗೆ ಹಂಚಿಹೋಗಿ, ಒಂದೆಡೆ ನಗದಾಗಿ, ಇನ್ನೊಂದೆಡೆ ಕ್ರಿಪ್ಟೋ ನಾಣ್ಯವಾಗಿ ಮಾರ್ಪಟ್ಟು ಸಮುದ್ರವನ್ನು ದಾಟುವುದು. ಟೆಲಿಫೋನಿನಲ್ಲಿ ಮಾತನಾಡುವವನು ಕಾಂಬೋಡಿಯಾದಲ್ಲಿಯೋ ಬರ್ಮಾದೇಶದ ಗಡಿಯಲ್ಲಿಯೋ ಇರಬಹುದು. ಅವರಲ್ಲಿ ಅನೇಕರು ಉದ್ಯೋಗದ ಆಸೆಯಿಂದ ಹೋಗಿ ಅಲ್ಲಿ ಸೆರೆಸಿಕ್ಕಿದ ನಮ್ಮ ದೇಶದ ಯುವಕರೇ ಆಗಿರುವುದು ಇನ್ನೊಂದು ದುಃಖದ ಕಥೆ. ಹೀಗಿರುವಲ್ಲಿ ಹಣವು ಮೊದಲ ಒಂದೆರಡು ಖಾತೆಗಳಲ್ಲಿರುವಾಗಲೇ ತಡೆದರೆ ಉಂಟು, ಇಲ್ಲವಾದರೆ ಇಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲನ್ನು ಹಾಕುವ ಮಾತು ಎಲ್ಲಿಯಾದರೂ ಅಕ್ಷರಶಃ ನಿಜವಾದರೆ ಅದು ಇಲ್ಲಿ.

ಹಿಂದೆ ಬೆಂಗಳೂರಿನಲ್ಲಿ ಎರಡು ಪೋಲೀಸು ಇದ್ದವು. ಪೇಟೆಯು ಮೈಸೂರು ಮಹಾರಾಜರ ಸರ್ಕಾರಕ್ಕೆ ಸೇರಿತ್ತು. ದಂಡು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿತ್ತು. ಪೇಟೆಯ ಕಳ್ಳನು ದಂಡಿನ ಎಲ್ಲೆಯನ್ನು ದಾಟಿದರೆ ಬೇರೆ ಪೋಲೀಸು, ಬೇರೆ ನ್ಯಾಯಸ್ಥಾನ. 1947ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಹಿಂದಿರುಗಿತು. 1963ರಲ್ಲಿ ನಗರಕ್ಕೆ ಪೋಲೀಸು ಕಮಿಷನರರ ಆಡಳಿತ ಬಂದಿತು. ಆದರೆ ‘ಇದು ನಮ್ಮ ಸರಹದ್ದಿಗೆ ಸೇರಿದ್ದಲ್ಲ’ ಎಂಬ ಮಾತು ಮಾತ್ರ ಠಾಣೆಗಳಿಂದ ಇನ್ನೂ ಹೋಗಿಲ್ಲ. ಹಿಂದೆ ಅದು ನೆಲದ ಸರಹದ್ದಾಗಿತ್ತು. ವಿಶೇಷ ಠಾಣೆಗಳು ಬಂದ ಮೇಲೆ ಅಪರಾಧದ ಜಾತಿಯ ಸರಹದ್ದಾಗಿದೆ.

ಈ ಸಂಬಂಧವಾಗಿ ನಾವು ಕಣ್ಣಾರೆ ಕಂಡುದನ್ನು ಹೇಳಬೇಕು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ವೃದ್ಧರೊಬ್ಬರು ನಮ್ಮ ಪತ್ರಿಕೆಯ ಬಹುಕಾಲದ ಚಂದಾದಾರರು. ಜೀವಮಾನದಲ್ಲಿ ಕೋರ್ಟು ಕಛೇರಿಗಳ ಮೆಟ್ಟಿಲನ್ನು ಹತ್ತಿದವರಲ್ಲವೆಂಬುದು ಅವರ ಹೆಮ್ಮೆ. ಅವರಿಗೊಂದು ದಿನ ಬೆಳಗ್ಗೆ ಮುಂಬಯಿಯ ಪೋಲೀಸು ಅಧಿಕಾರಿಯೆಂಬವನಿಂದ ಕರೆ ಬಂದಿತು. ಅವರ ಆಧಾರ್ ಸಂಖ್ಯೆಯಿಂದ ಯಾರೋ ಖಾತೆ ತೆರೆದು ಕೋಟ್ಯಂತರ ರೂಪಾಯಿಗಳ ಅಕ್ರಮ ವ್ಯವಹಾರ ನಡೆಸಿರುವರಂತೆ. ವಿಚಾರಣೆ ಮುಗಿಯುವವರೆಗೆ ಅವರು ಟೆಲಿಫೋನಿನ ಕ್ಯಾಮರಾದ ಮುಂದಿನಿಂದ ಏಳಕೂಡದಂತೆ. ಹೆಂಡತಿಗೂ ಮಗನಿಗೂ ಹೇಳಿದರೆ ಅವರನ್ನೂ ಬಂಧಿಸಬೇಕಾಗುವುದಂತೆ. ಎರಡು ದಿನ ಆ ವೃದ್ಧರು ಹಾಗೆಯೇ ಕುಳಿತರು. ಸಂಧ್ಯಾವಂದನೆಗೆ ಏಳುವುದಕ್ಕೂ ಆ ಕಳ್ಳನನ್ನು ‘ಅಪ್ಪಣೆಯಾಗಬೇಕು, ಸ್ವಾಮಿ’ ಎಂದು ಬೇಡಿಕೊಂಡರು. ಮೂರನೆಯ ದಿನ ಬ್ಯಾಂಕಿಗೆ ತಾವೇ ಹೋಗಿ, ಮೊಮ್ಮಗಳ ಮದುವೆಗೆಂದು ಇಟ್ಟಿದ್ದ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿ, ‘ಪರಿಶೀಲನೆಗಾಗಿ’ ಅವನು ಹೇಳಿದ ಖಾತೆಗೆ ಕಳುಹಿಸಿದರು.

ಆ ಸಾಯಂಕಾಲವೇ ಮಗನಿಗೆ ಸಂಗತಿ ತಿಳಿದು, ತಂದೆಯನ್ನು ಕರೆದುಕೊಂಡು ಮನೆಯ ಹತ್ತಿರದ ಠಾಣೆಗೆ ಓಡಿದನು. ಠಾಣೆಯ ಹೆಸರು ನಮ್ಮ ಉದ್ದೇಶಕ್ಕೆ ಬೇಕಾಗಿಲ್ಲ. ಅಲ್ಲಿದ್ದವರು ಕೆಟ್ಟ ಮಾತನಾಡಲಿಲ್ಲ; ‘ಇದು ಸೈಬರ್ ಠಾಣೆಗೆ ಸೇರಿದ್ದು, ಅಲ್ಲಿಗೆ ಹೋಗಿ’ ಎಂದರು. ಆ ಠಾಣೆಗೆ ಹೋದಾಗ ರಾತ್ರಿಯಾಗಿತ್ತು. ಇನ್‌ಸ್ಪೆಕ್ಟರು ಬಂದೋಬಸ್ತಿಗೆ ಹೋಗಿದ್ದರು, ಬೆಳಗ್ಗೆ ಬರಬೇಕೆಂದಾಯಿತು. 1930ರ ಸಂಖ್ಯೆಯನ್ನು ಅವರಿಗೆ ಹೇಳಿಕೊಟ್ಟವನು, ಠಾಣೆಯ ಎದುರಿನ ಚಹದ ಅಂಗಡಿಯವನು! ನಮ್ಮ ಕಛೇರಿಗೆ ಬಂದು ಇದನ್ನು ಹೇಳುವಾಗ ಆ ವೃದ್ಧರು ಹಣ ಹೋದುದಕ್ಕೆ ಅಳಲಿಲ್ಲ. ‘ಕಳ್ಳ ಪೋಲೀಸಿನವನು ಎರಡು ದಿನ ನನ್ನೊಡನೆ ಮಾತನಾಡಿದ. ನಿಜವಾದ ಪೋಲೀಸಿನವರು ಎರಡು ನಿಮಿಷ ಕೂರಿಸಲಿಲ್ಲ’ ಎಂದರು. ಈ ಒಂದು ಮಾತಿಗಾಗಿ ಈ ಲೇಖನವನ್ನು ಬರೆಯಬೇಕಾಯಿತು.

ಠಾಣೆಯವರು ಹಾಗೆ ಹೇಳಿದುದು ಕಾನೂನಿಗೆ ಸಮ್ಮತವೆ? ಸಂಪೂರ್ಣವಾಗಿ ವಿರುದ್ಧ. ದಂಡಾರ್ಹವಾದ ಗಂಭೀರ ಅಪರಾಧದ ಸಮಾಚಾರವು ಬಂದಲ್ಲಿ ಅದನ್ನು ದಾಖಲುಮಾಡಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಮೊಕದ್ದಮೆಯಲ್ಲಿ 2013ರಲ್ಲಿಯೇ ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧವು ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಸಮಾಚಾರ ಕೊಡಬಹುದೆಂದೂ, ವಿದ್ಯುನ್ಮಾನ ಮೂಲಕ ಕೊಟ್ಟಿದ್ದಲ್ಲಿ ಮೂರು ದಿನಗಳೊಳಗೆ ಬಂದು ರುಜುಹಾಕಿದರೆ ಸಾಕೆಂದೂ ಸ್ಪಷ್ಟವಾಗಿ ಹೇಳುವುದು. ಮಾಹಿತಿ ತಂತ್ರಜ್ಞಾನದ ಶಾಸನದ ಪ್ರಕಾರ ತನಿಖೆಯನ್ನು ಇನ್‌ಸ್ಪೆಕ್ಟರಿಗಿಂತ ಕೆಳಗಿನವರು ಮಾಡಕೂಡದೆಂಬುದು ನಿಜ. ಆದರೆ ತನಿಖೆ ಬೇರೆ, ಫಿರ್ಯಾದನ್ನು ಬರೆದುಕೊಳ್ಳುವುದು ಬೇರೆ, 1930ಕ್ಕೆ ಕರೆಮಾಡಿ ಹಣವನ್ನು ನಿಲ್ಲಿಸುವುದು ಇನ್ನೂ ಬೇರೆ. ಕೊನೆಯ ಎರಡು ಕೆಲಸಗಳನ್ನು ಠಾಣೆಯ ಬಾಗಿಲಲ್ಲಿ ಕುಳಿತ ದಫೇದಾರನೂ ಮಾಡಬಲ್ಲನು. ವಿಶೇಷ ಠಾಣೆಗಳನ್ನು ತೆರೆದುದು ಒಳ್ಳೆಯದೇ. ಅದರಿಂದ ಸಾಮಾನ್ಯ ಠಾಣೆಗೆ ಈ ಹೊಣೆ ತಪ್ಪಿತೆಂಬ ಭಾವನೆ ಹುಟ್ಟಿದುದು ಕೆಟ್ಟದ್ದು. ನಗರದ ಸಾವಿರಾರು ಫಿರ್ಯಾದುಗಳು ಬೆರಳೆಣಿಕೆಯ ಇನ್‌ಸ್ಪೆಕ್ಟರುಗಳ ಮೇಜಿನ ಮೇಲೆ ಬಂದು ಬೀಳುತ್ತಿರುವಾಗ, ಅವರನ್ನು ಬಂದೋಬಸ್ತಿಗೂ ಕಳುಹಿಸಿದರೆ ಆ ಮೇಜಿನ ಬಳಿ ಯಾರು ಇರಬೇಕು?

ಇನ್ನು ಭಯದ ವಿಷಯ. ‘ಡಿಜಿಟಲ್ ಬಂಧನ’ವೆಂಬುದು ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಪ್ರಧಾನಮಂತ್ರಿಗಳು 2024ರ ಅಕ್ಟೋಬರಿನಲ್ಲಿ ತಮ್ಮ ಆಕಾಶವಾಣಿ ಭಾಷಣದಲ್ಲಿ ಇದನ್ನು ದೇಶಕ್ಕೆ ಸಾರಿದರು. ಬಂಧಿಸಲು ಬಂದ ಅಧಿಕಾರಿಯು ತನ್ನ ಹೆಸರು ಎಲ್ಲರಿಗೂ ಕಾಣುವಂತೆ ಧರಿಸಿರಬೇಕು, ಬಂಧನಪತ್ರವನ್ನು ಬರೆದು, ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿಯನ್ನು ಹಾಕಿಸಬೇಕು, ಕಾರಣವನ್ನು ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. 60 ವರ್ಷ ಮೀರಿದವರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕಾಗಿ ಹಿಡಿಯಬೇಕಾದರೆ ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಿಮೆಯಿಲ್ಲದವರ ಪೂರ್ವಾನುಮತಿ ಬೇಕು. ಹಾಜರಾಗುವಂತೆ ಕೊಡುವ ನೋಟೀಸನ್ನೂ ವಾಟ್ಸಾಪಿನ ಮೂಲಕ ಕಳುಹಿಸಿದರೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಆಜ್ಞಾಪಿಸಿದೆ. ಹೀಗೆ ನಾಗರಿಕನ ಸುತ್ತಲೂ ಕಾನೂನು ಒಂದು ಕೋಟೆಯನ್ನೇ ಕಟ್ಟಿದೆ. ಆ ಕೋಟೆಯೊಳಗಿರುವವನಿಗೆ ಮಾತ್ರ ಅದರ ಸುದ್ದಿಯೇ ತಿಳಿಯದು.

ಏಕೆ ತಿಳಿಯದು? ನಮ್ಮ ದೇಶದ ಪೋಲೀಸು ಹುಟ್ಟಿದುದು ಪ್ರಜೆಗೆ ಧೈರ್ಯ ಕೊಡುವುದಕ್ಕಲ್ಲ. 1857ರ ಮಹಾ ಕ್ಷೋಭೆಯ ಬಳಿಕ ಬ್ರಿಟಿಷರು ಮಾಡಿದ 1861ರ ಪೋಲೀಸು ಶಾಸನದ ಉದ್ದೇಶವು ಪ್ರಜೆಗಳನ್ನು ಅಂಕೆಯಲ್ಲಿಡುವುದೇ ಆಗಿತ್ತು. ಆ ಪೋಲೀಸು ಭ್ರಷ್ಟವೂ ಪೀಡಕವೂ ಆಗಿ ಜನರ ಕಣ್ಣಿಗೆ ಕಾಣುತ್ತಿರುವುದೆಂದು, ಅವರೇ 1902ರಲ್ಲಿ ನೇಮಿಸಿದ ಫ್ರೇಜರ್ ಆಯೋಗವು ಒಪ್ಪಿಕೊಳ್ಳಬೇಕಾಯಿತು. ಸ್ವರಾಜ್ಯ ಬಂದಿತು, ನಮ್ಮ ರಾಜ್ಯಕ್ಕೆ 1963ರ ಬೇರೆ ಪೋಲೀಸು ಶಾಸನವೂ ಬಂದಿತು. 2025ರ ಅಕ್ಟೋಬರಿನಲ್ಲಿ ನಮ್ಮ ಕಾನ್‌ಸ್ಟೇಬಲ್ಲುಗಳ ತಲೆಯ ಮೇಲಿದ್ದ ಹಳೆಯ ಕಾಲದ ಅಗಲ ಟೋಪಿಯೂ ಹೋಗಿ ಹೊಸ ಟೋಪಿ ಬಂದಿತು. ಆದರೆ ಖಾಕಿಯವನು ಮನೆಯ ಮೆಟ್ಟಿಲನ್ನು ಹತ್ತಿದರೆ ನೆರೆಹೊರೆಯವರು ಕಿಟಕಿಯಿಂದ ಇಣುಕಿ ‘ಏನಾಯಿತಂತೆ?’ ಎಂದು ಪಿಸುಗುಟ್ಟುವುದು ಇನ್ನೂ ನಿಂತಿಲ್ಲ. ಆ ಮುಖ್ಯೋಪಾಧ್ಯಾಯರು ಹೆಂಡತಿಗೂ ಹೇಳದೆ ಎರಡು ದಿನ ಕುಳಿತುದು ಬಂಧನಕ್ಕೆ ಹೆದರಿಯಲ್ಲ, ಈ ಪಿಸುಮಾತಿಗೆ ಹೆದರಿ. ಇದರ ಜೊತೆಗೆ ಇನ್ನೊಂದು ದೌರ್ಬಲ್ಯವನ್ನೂ ಹೇಳಿಬಿಡೋಣ. ಕನ್ನಡದಲ್ಲಿ ಮಾತನಾಡಿದ ಬೀಟಿನ ಪೋಲೀಸಿನವನನ್ನು ‘ನೀನು ಯಾರಯ್ಯಾ?’ ಎಂದು ಕೇಳುವ ನಮ್ಮ ಪಟ್ಟಣದ ದೊಡ್ಡಮನುಷ್ಯನು, ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಗದರಿಸಿದವನ ಮುಂದೆ ಒಡನೆಯೇ ಮೆತ್ತಗಾಗುವನು. ದೂರದ ಊರಿನ ದೊಡ್ಡ ಅಧಿಕಾರಿಯು ಪರಭಾಷೆಯಲ್ಲಿಯೇ ಮಾತನಾಡತಕ್ಕವನೆಂಬ ಗುಲಾಮಿ ನಂಬಿಕೆಯನ್ನು ಕಳ್ಳನು ನಮಗಿಂತ ಚೆನ್ನಾಗಿ ಬಲ್ಲನು.

ಆದುದರಿಂದ ಇಲಾಖೆಯ ಏರ್ಪಾಡುಗಳಲ್ಲಿ ನಮಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಕ್ಯಾಮರಾಗಳೂ ಅಲ್ಲ, ಹೊಸ ಕಟ್ಟಡಗಳೂ ಅಲ್ಲ. 2025ರ ಜುಲೈನಲ್ಲಿ ರಾಜ್ಯದಲ್ಲಿ ಆರಂಭವಾದ ‘ಮನೆ ಮನೆಗೆ ಪೋಲೀಸು’ ಎಂಬ ಯೋಜನೆ. ಠಾಣೆಯ ಪ್ರದೇಶವನ್ನು ನಲವತ್ತು ಐವತ್ತು ಮನೆಗಳ ಗುಂಪುಗಳಾಗಿ ವಿಂಗಡಿಸಿ, ಬೀಟಿನ ಪೋಲೀಸಿನವರು ಮನೆಗಳಿಗೆ ತಾವಾಗಿಯೇ ಹೋಗಿ ಕುಶಲವನ್ನು ವಿಚಾರಿಸಬೇಕೆಂಬುದು ಅದರ ಕ್ರಮ. ಇದು ಕಾಗದದ ಮೇಲೆ ಟಿಕ್ಕು ಹಾಕುವ ಕೆಲಸವಾಗಿ ಮುಗಿಯುವ ಅಪಾಯವುಂಟು. ಹಾಗಾಗದೆ, ಒಂದು ಬೀದಿಯ ವೃದ್ಧರಿಗೆ ತಮ್ಮ ಬೀಟಿನವನ ಮುಖವೂ ಹೆಸರೂ ಅವನ ಟೆಲಿಫೋನು ಸಂಖ್ಯೆಯೂ ತಿಳಿದಿದ್ದರೆ, ‘ಮುಂಬಯಿಯ ಅಧಿಕಾರಿ’ಯು ಗದರಿಸಿದಾಗ ‘ತಾಳಿ, ನಮ್ಮ ಬೀಟಿನ ಪೋಲೀಸಿನವರನ್ನು ಕೇಳಿ ಹೇಳುತ್ತೇನೆ’ ಎಂಬ ಒಂದು ಮಾತು ಬಂದೀತು. ಕಳ್ಳನಿಗೆ ಆ ಒಂದು ಮಾತೇ ಸಾಕು. ನಗರದ ಠಾಣೆಗಳಲ್ಲಿ ನಡೆಸಿಕೊಂಡು ಬಂದ ಮಾಸಿಕ ಜನಸಂಪರ್ಕ ದಿವಸಗಳಲ್ಲಿಯೂ ರಸ್ತೆಯ ಗುಂಡಿ, ವಾಹನಗಳ ನಿಲುಗಡೆಗಳ ದೂರಿನ ನಡುವೆ ಈ ವಿಷಯಕ್ಕೆ ಒಂದು ಗಂಟೆ ಮೀಸಲಿಡುವುದು ಕಷ್ಟವಲ್ಲ.

ಬ್ಯಾಂಕಿನವರ ಪಾತ್ರವನ್ನು ಬಿಟ್ಟು ಈ ಮಾತನ್ನು ಮುಗಿಸಲಾಗದು. ರಿಜರ್ವ್ ಬ್ಯಾಂಕಿನವರು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಖಾತೆದಾರನ ತಪ್ಪಿಲ್ಲದೆ ಮೂರನೆಯವರ ಕೈವಾಡದಿಂದ ಹಣ ಹೋಗಿದ್ದು, ಅವನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ನಷ್ಟವಿಲ್ಲ. ಹೆದರಿಕೆಯಿಂದ ಅವನೇ ಕೈಯಾರೆ ಕಳುಹಿಸಿದ್ದಲ್ಲಿ ಈ ರಕ್ಷಣೆ ದೊರೆಯುವುದು ದುರ್ಲಭ. ಎಪ್ಪತ್ತು ದಾಟಿದ ಗ್ರಾಹಕನು ಇಪ್ಪತ್ತು ವರ್ಷ ಮುಟ್ಟದಿದ್ದ ಠೇವಣಿಯನ್ನು ನಡುಗುವ ಕೈಯಿಂದ ಮುರಿಸಿ, ಎಂದೂ ಕೇಳದ ಊರಿನ ಖಾತೆಗೆ ಎಲ್ಲವನ್ನೂ ಕಳುಹಿಸುವಾಗ, ಕಿಟಕಿಯ ಆಚೆಯ ಗುಮಾಸ್ತನು ‘ಯಾರಿಗೆ, ಸ್ವಾಮಿ, ಇಷ್ಟು ಹಣ?’ ಎಂದು ಕೇಳಬಾರದೆಂದು ಯಾವ ಸುತ್ತೋಲೆಯಲ್ಲಿಯೂ ಇಲ್ಲ. ಹಳೆಯ ಕಾಲದ ಬ್ಯಾಂಕು ಏಜೆಂಟರು ಗ್ರಾಹಕನ ಮಗಳ ಮದುವೆ ಎಂದೆಂಬುದನ್ನೂ ಬಲ್ಲವರಾಗಿದ್ದರು. ವಂಚಕರಿಗೆ ಬಾಡಿಗೆಯಾಗಿ ಹೋಗುವ ಖಾತೆಗಳನ್ನು ತೆರೆದುಕೊಟ್ಟವರೂ ಬ್ಯಾಂಕಿನವರೇ. ಸರ್ವೋಚ್ಚ ನ್ಯಾಯಾಲಯವು 2025ರ ಡಿಸೆಂಬರಿನಲ್ಲಿ ಡಿಜಿಟಲ್ ಬಂಧನದ ಮೊಕದ್ದಮೆಗಳ ತನಿಖೆಯನ್ನು ಕೇಂದ್ರ ತನಿಖಾ ದಳಕ್ಕೆ ಒಪ್ಪಿಸಿದಾಗ, ಇಂತಹ ಖಾತೆಗಳಲ್ಲಿ ಬ್ಯಾಂಕು ನೌಕರರ ಕೈವಾಡವನ್ನೂ ನೋಡಬೇಕೆಂದುದು ಸಕಾರಣವಾಗಿಯೇ ಇದೆ.

ನಗರದ ಪೋಲೀಸು ಕಮಿಷನರರಿಗೆ ನಮ್ಮ ವಿಜ್ಞಾಪನೆಯು ದೊಡ್ಡದೇನಲ್ಲ. ಇದಕ್ಕೆ ಹೊಸ ಹುದ್ದೆಯೂ ಬೇಡ, ಆಯವ್ಯಯದಲ್ಲಿ ಹೊಸ ಬಾಬೂ ಬೇಡ. ಪ್ರತಿಯೊಂದು ಠಾಣೆಯ ಬಾಗಿಲಿನಲ್ಲಿಯೂ ಒಂದು ಮೇಜು, ಒಂದು ಟೆಲಿಫೋನು, ಬಂದವರು ಕುಳಿತುಕೊಳ್ಳುವುದಕ್ಕೆ ಒಂದು ಕುರ್ಚಿ. ಹಣದ ಮೋಸವೆಂದು ಯಾರೇ ಬರಲಿ, ಹೆಸರು ವಿಳಾಸ ಕೇಳುವುದಕ್ಕೆ ಮೊದಲು 1930ಕ್ಕೆ ಕರೆಮಾಡಿ ಕೊಡತಕ್ಕದ್ದೆಂಬ ಲಿಖಿತ ಆಜ್ಞೆ. ಹಾಗೆ ಮಾಡದೆ ಬಂದವರನ್ನು ಬೇರೆ ಠಾಣೆಗೆ ಅಟ್ಟಿದವರಿಂದ ಸಮಜಾಯಿಷಿ ಕೇಳುವುದು. ಸೈಬರ್ ಠಾಣೆಯ ಇನ್‌ಸ್ಪೆಕ್ಟರುಗಳನ್ನು ಮೆರವಣಿಗೆ ಬಂದೋಬಸ್ತುಗಳಿಂದ ಬಿಡುಗಡೆ ಮಾಡುವುದು. ತಡೆಹಿಡಿದ ಹಣವನ್ನು ಬಿಡಿಸಿಕೊಡಲು ನ್ಯಾಯಾಲಯಕ್ಕೆ ಸಲ್ಲಿಸಬೇಕಾದ ವರದಿಯನ್ನು ವಾರಗಟ್ಟಲೆ ಕಾಯಿಸದೆ ಕಳುಹಿಸುವುದು.

ಕೊನೆಯ ಈ ಮಾತನ್ನು ಸೇರಿಸಿದುದಕ್ಕೆ ಕಾರಣವುಂಟು. ಚಹದ ಅಂಗಡಿಯವನ ಉಪಕಾರದಿಂದ ಆ ರಾತ್ರಿ ಮಾಡಿದ ಕರೆಯು ಪೂರ್ಣವಾಗಿ ವ್ಯರ್ಥವಾಗಲಿಲ್ಲ. ಮುಖ್ಯೋಪಾಧ್ಯಾಯರ ಹಣದಲ್ಲಿ ಸುಮಾರು ಐದನೆಯ ಒಂದು ಭಾಗವು ಬೇರೆ ರಾಜ್ಯದ ಒಂದು ಬ್ಯಾಂಕಿನ ಶಾಖೆಯಲ್ಲಿ ನಿಂತಿರುವುದು. ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲನ್ನು ಹತ್ತದಿದ್ದ ಅವರು ಅದನ್ನು ಪಡೆಯುವುದಕ್ಕಾಗಿ ನಾಲ್ಕು ಸಲ ಹತ್ತಿದ್ದಾರೆ. ಐದನೆಯ ವಾಯಿದೆಯ ದಿನ, ಪೋಲೀಸು ವರದಿ ಬಂದಿದೆಯೇ ಎಂದು ನೋಡುವುದಕ್ಕೆ ನಮ್ಮ ಕಛೇರಿಯಿಂದಲೂ ಒಬ್ಬರು ಅವರ ಜೊತೆಯಲ್ಲಿ ಹೋಗುವರು.